ಜ್ವರ ಎದ್ದ ಹುಳದ ಮೊದಲ ಸೊಪ್ಪು

ಶಿಡ್ಲಘಟ್ಟದ ಸುತ್ತಿನ ಯಾವ ಊರಿನಲ್ಲಿ ಕೇಳಿದರೂ ರೇಷ್ಮೆ ಹುಳು ಸಾಕಿದವರು ಈ ಬೆಳಗನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. ಐದನೇ ಹಂತದ ಐದನೆಯದೋ ಆರನೆಯದೋ ದಿನ. ಇನ್ನೆರಡು ದಿನಕ್ಕೆ ಹುಳು ಹಣ್ಣಾಗಬೇಕು. ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ತೊಳೆದು ಬಿಸಿಲಿಗಿಟ್ಟಾಗಿದೆ, ಮಾರ್ಕೆಟ್ಟಿನಲ್ಲಿ ಗೂಡಿನ ರೇಟು ಎಷ್ಟೆಂದು ವಿಚಾರಿಸಿಯೂ ಆಗಿದೆ. ಸೊಪ್ಪು ಹಾಕಲು ಹೋದಾಗ ಸ್ಟ್ಯಾಂಡಿನ ಅಂಚಿನಲ್ಲಿ ನಾಲ್ಕು ಹುಳು ಮೇವು ಬಿಟ್ಟು ಸುಮ್ಮನೆ ಅಡ್ಡಾಡುತ್ತಿವೆ. ಮೈ ಮಿರಮಿರ ಹೊಳೆಯುತ್ತದೆ, ಗೆಣ್ಣು ಗೆಣ್ಣಿನ ನಡುವೆ ಬಾವು. ಬೆರಳು ತಾಗಿದರೆ ಚರ್ಮ ಒಡೆದು ಹಾಲಿನಂಥ ರಸ ಸುರಿಯುತ್ತದೆ. ಮಾರನೆಯ ದಿನ ನಾಲ್ಕು ನಲವತ್ತಾಗಿರುತ್ತವೆ, ಅದರ ಮಾರನೆಯ ದಿನ ಎಣಿಸುವ ಪ್ರಶ್ನೆಯೇ ಇಲ್ಲ. ಹಾಲುತೊಂಡೆ ಎಂದು ಹೆಸರಿಟ್ಟ ಹಿರಿಯರು ನೋಡಿದ್ದನ್ನೇ ಹೇಳಿದ್ದಾರೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಯ ಬೆಳೆಯೊಂದು ಹೀಗೆ ಹೋಯಿತು. ನೋಡಲು ಬಂದವರೆಲ್ಲ ಒಂದೊಂದು ಕಾರಣ ಕೊಟ್ಟರು. "ಮಳೆ ಸೊಪ್ಪು ಹಾಕಿದ್ದೇ ತಪ್ಪಾಯ್ತು ಕಣಣ್ಣ" ಎಂದರು ಪಕ್ಕದ ತೋಟದವರು. ರಾತ್ರಿ ಚಳಿ, ಹಗಲು ಸೆಕೆ, ಹುಳು ತಡೆಯಲಿಲ್ಲ ಎಂದರು ಇನ್ನೊಬ್ಬರು. ಮೊಟ್ಟೆಯಲ್ಲೇ ಬಲ ಇರಲಿಲ್ಲ ಎಂದವರೂ ಇದ್ದರು. ಅಪ್ಪ ಯಾರಿಗೂ ಎದುರಾಡಲಿಲ್ಲ. ಹಿಂದಿನ ಮೂರು ದಿನ ಏನು ಮಾಡಿದೆ, ಯಾವ ಸಾಲಿನ ಸೊಪ್ಪು ತಂದೆ ಎಂದು ರಾತ್ರಿಯೆಲ್ಲ ನೆನಪು ಮಾಡಿಕೊಳ್ಳುತ್ತಾ ಕೂತಿದ್ದರು. ಆ ಮೂರು ದಿನದಲ್ಲಿ ಹುಡುಕಿದರೆ ಕಾರಣ ಸಿಕ್ಕುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಈ ಬರಹ ಆ ಹುಡುಕಾಟದ ದಿಕ್ಕಿನ ಬಗ್ಗೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ಕಡೆ ನಾನು ಕೇಳಿರುವ ವಿವರಣೆಯ ತಿರುಳು ಒಂದೇ. ಹುಳು ಗಟ್ಟಿಯಾಗಿದ್ದರೆ ರೋಗ ತಡೆಯುತ್ತದೆ, ಸೋತಾಗ ರೋಗ ಗೆಲ್ಲುತ್ತದೆ. ದೇಹ ತನ್ನ ಹಾನಿಯನ್ನು ತಾನೇ ಸರಿಮಾಡಿಕೊಳ್ಳುತ್ತದೆ, ನಾವು ಅದಕ್ಕೆ ಶಕ್ತಿ ತುಂಬಿದರೆ ಸಾಕು. ಸೊಪ್ಪಿನ ಮೇಲೆ ಚಿಮುಕಿಸುವ ಟಾನಿಕ್ಕುಗಳು ಮಾರಾಟವಾಗುವುದು ಈ ನಂಬಿಕೆಯ ಮೇಲೆಯೇ. ಇದು ಹಳ್ಳಿಯ ನಂಬಿಕೆ ಮಾತ್ರವೂ ಅಲ್ಲ. ಡಾಕ್ಟರುಗಳು ಸ್ಟೆಮ್ ಸೆಲ್ ಎನ್ನುವ, ಕನ್ನಡದಲ್ಲಿ ಆಕರಕೋಶ ಅಥವಾ ಕಾಂಡಕೋಶ ಎಂದು ಬರೆಯುವ ಜೀವಕೋಶಗಳ ಬಗ್ಗೆ ಓದುಬರಹ ಬಲ್ಲವರ ಮನಸ್ಸಿನಲ್ಲಿರುವುದೂ ಇದೇ ಚಿತ್ರ. ಅವು ದುರಸ್ತಿಯವು, ಕಾಪಾಡುವವು, ಎಷ್ಟು ಹೆಚ್ಚು ಕೆಲಸ ಮಾಡಿದರೆ ಅಷ್ಟು ಒಳ್ಳೆಯದು. ಈ ಚಿತ್ರ ಅರ್ಧ ಮಾತ್ರ ಸರಿ. ಹಾಲುತೊಂಡೆಯ ವೈರಸ್ಸು ಹುಳದ ದೇಹ ಬೆಳೆಯುವ, ದುರಸ್ತಿಯಾಗುವ ದಾರಿಯನ್ನೇ ಹಿಡಿದು ಒಳಗೆ ಹೋಗುತ್ತದೆ. ಹಾಗಿರುವಾಗ 'ಗಟ್ಟಿ ಹುಳು, ಸೋತ ಹುಳು' ಎಂಬ ಲೆಕ್ಕದಿಂದ ಈ ರೋಗ ಅರ್ಥವಾಗುವುದಿಲ್ಲ.

ಆಕರಕೋಶ ಎಂದರೆ ದೂರದ ಮಾತೇನೂ ಅಲ್ಲ. ಹಿಪ್ಪುನೇರಳೆ ಕಡ್ಡಿ ನೆಡುವಾಗ ನಾವು ಮೊದಲು ನೋಡುವುದು ಕಣ್ಣು ಇದೆಯೇ ಎಂದು. ಬುಡಕ್ಕೆ ಕಟಾವು ಮಾಡಿದ ಗಿಡ ಮತ್ತೆ ಚಿಗುರುವುದು ಆ ಕಣ್ಣಿನಿಂದ. ಇನ್ನೂ ಎಲೆಯಾಗದ, ಟೊಂಗೆಯಾಗದ, ಏನು ಬೇಕಾದರೂ ಆಗಬಲ್ಲ ಜೀವ ಅಲ್ಲಿರುತ್ತದೆ. ಹಿಪ್ಪುನೇರಳೆಗೆ ತುಕ್ರಾ ಕಾಯಿಲೆ ತರುವ ಹಿಟ್ಟುತಿಗಣೆ ಬಲಿತ ಎಲೆ ಬಿಟ್ಟು ಸುಳಿಗೇ ಬಂದು ಕೂರುವುದನ್ನೂ ನಾವು ನೋಡಿದ್ದೇವೆ. ಬೆಳೆಯುವ ಜಾಗವೇ ಎಳಸು, ಎಳಸು ಇದ್ದ ಕಡೆಯೇ ಕಂಟಕ. ಗಿಡದಲ್ಲಿ ಒಪ್ಪಿಕೊಂಡ ಈ ಮಾತನ್ನು ಹುಳದ ಹೊಟ್ಟೆಯೊಳಕ್ಕೆ ಒಯ್ಯಲು ನಾವು ಯಾಕೋ ಹಿಂಜರಿದಿದ್ದೇವೆ.

ಹೊಟ್ಟೆಯೊಳಗೆ ನಡೆಯುವುದನ್ನು ನಿಧಾನವಾಗಿ ನೋಡಬೇಕು. ಹಾಲುತೊಂಡೆಗೆ ಕಾರಣವಾದ ಎನ್‌ಪಿವಿ ಎಂಬ ವೈರಸ್ಸು ಹರಳಿನಂಥ ಗಟ್ಟಿ ಪೊಟ್ಟಣದೊಳಗೆ ಅಡಗಿರುತ್ತದೆ. ಆ ಪೊಟ್ಟಣ ಹುಳು ಮನೆಯ ನೆಲದಲ್ಲಿ, ಗೋಡೆಯ ಬಿರುಕಿನಲ್ಲಿ, ಹಳೇ ಚಂದ್ರಿಕೆಯಲ್ಲಿ ವರ್ಷಗಟ್ಟಲೆ ಕೆಡದೆ ಇರಬಲ್ಲದು. ಸೊಪ್ಪಿನ ಜೊತೆ ಹೊಟ್ಟೆಗೆ ಹೋದರೆ ಸಂಗತಿ ಬೇರೆ. ರೇಷ್ಮೆ ಹುಳದ ಜೀರ್ಣರಸ ಸುಣ್ಣದ ನೀರಿನಂತೆ ಕ್ಷಾರ, ಅದರ ಪಿಎಚ್ ಸುಮಾರು 10. ಆ ಕ್ಷಾರದಲ್ಲಿ ಪೊಟ್ಟಣ ಕರಗಿ ವೈರಸ್ಸು ಹೊರಬೀಳುತ್ತದೆ. ನಡುಕರುಳಿನ ಗೋಡೆಯಲ್ಲಿ ಕಂಬ ನಿಲ್ಲಿಸಿದಂತೆ ಸಾಲಾಗಿರುವ ಕೋಶಗಳು ಸೊಪ್ಪಿನ ಸಾರ ಹೀರುವಂಥವು, ವೈರಸ್ಸು ಮೊದಲು ಹೊಗುವುದು ಇವನ್ನೇ. ಈ ಕಂಬಕೋಶಗಳ ಬುಡದಲ್ಲಿ ಅಲ್ಲಲ್ಲಿ ಗುಂಪಾಗಿ ಸಣ್ಣ ಕೋಶಗಳಿವೆ. ಅವು ಸಾರ ಹೀರುವುದಿಲ್ಲ, ಕಾದು ಕೂತಿರುತ್ತವೆ. ಮೇಲಿನ ಕೋಶ ಸವೆದು ಉದುರಿದರೆ ಇವು ಒಡೆದು ಎರಡಾಗಿ, ಬೆಳೆದು, ಆ ಜಾಗ ತುಂಬುತ್ತವೆ. ಇವೇ ಹುಳದ ಕರುಳಿನ ಆಕರಕೋಶಗಳು.

ಇಲ್ಲಿಂದ ಮುಂದೆ ನಮ್ಮ ಪಾಠಪುಸ್ತಕದ ಚಿತ್ರ ಬಲು ಸರಳ: ಕರುಳು ಕೆಟ್ಟು ವೈರಸ್ಸು ರಕ್ತಕ್ಕೆ ನುಗ್ಗುತ್ತದೆ. ಆದರೆ ಕರುಳಿಗೂ ರಕ್ತಕ್ಕೂ ನಡುವೆ ಒಂದು ತಳಪೊರೆ ಇದೆ. ಅದರ ರಂಧ್ರಗಳು ವೈರಸ್ಸಿನ ಗಾತ್ರಕ್ಕಿಂತ ಬಹಳ ಚಿಕ್ಕವು. ನುಗ್ಗುವುದು ಹಾಗಿರಲಿ, ತೂರುವುದೂ ಸುಲಭವಲ್ಲ. ಹಾಗಾದರೆ ದಾಟಿದ್ದು ಹೇಗೆ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಲಾಯ್ ವೋಲ್ಕ್‌ಮನ್ ಅವರ ತಂಡ ಮುಖ್ಯವಾದದ್ದು. ಅವರು ಬಳಸಿದ್ದು ಕೋಸಿನ ಎಲೆ ತಿನ್ನುವ ಕಂಬಳಿಹುಳುಗಳನ್ನು, ಹಾಲುತೊಂಡೆ ವೈರಸ್ಸಿಗೆ ತೀರಾ ಹತ್ತಿರದ ನೆಂಟನಾದ ಇನ್ನೊಂದು ಎನ್‌ಪಿವಿಯನ್ನು. 1989ರಲ್ಲಿ ಅವರು ವೈರಸ್ಸು ಒಳಗೆ ಹೋಗುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಿದರು. 1994ರಲ್ಲಿ ಅದೇ ತಂಡ ಗಾಳಿನಾಳಗಳೇ ಹೆದ್ದಾರಿ ಎಂದು ತೋರಿಸಿತು. ಹುಳಕ್ಕೆ ಶ್ವಾಸಕೋಶವಿಲ್ಲ. ಮೈಯ ಪಕ್ಕದ ತೂತುಗಳಿಂದ ಹೊರಟ ಕೊಳವೆಗಳು ಕವಲೊಡೆದು ಒಂದೊಂದು ಅಂಗಕ್ಕೂ ಗಾಳಿ ಒಯ್ಯುತ್ತವೆ. ಅವುಗಳ ತುದಿಯ ಕೋಶಗಳು ತಳಪೊರೆಯನ್ನು ತೂರಿ ಕರುಳಿನ ಕೋಶಗಳಿಗೆ ಅಂಟಿಕೊಂಡಿರುತ್ತವೆ. ವೈರಸ್ಸಿಗೆ ಬೇಕಾದ ಬಾಗಿಲು ಅಲ್ಲಿತ್ತು. ಆ ತುದಿಯ ಕೋಶಗಳೂ ಪೂರ್ತಿ ಬಲಿತವಲ್ಲ, ಇನ್ನೂ ಕವಲೊಡೆಯುವ ಎಳೆಯ ಕೋಶಗಳು. ಬೇರೆ ಕೆಲವು ಸಂಶೋಧಕರು ಗಾಳಿನಾಳವೊಂದೇ ದಾರಿ ಎಂಬುದನ್ನು ಒಪ್ಪಲಿಲ್ಲ, ಕರುಳಿನ ಆಕರಕೋಶಗಳಿಗೂ ಸೋಂಕು ದಾಟುವುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಈ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಎರಡು ಪಕ್ಷಗಳೂ ಬೆರಳು ತೋರುವ ಜಾಗ: ಒಂದು ಕರುಳನ್ನು ದುರಸ್ತಿ ಮಾಡುವ ಕೋಶ, ಇನ್ನೊಂದು ಗಾಳಿನಾಳ ಬೆಳೆಸುವ ಕೋಶ. ಎರಡೂ ಎಳಸು.

ವೈರಸ್ಸು ಆ ಎಳಸನ್ನು ಕಾಯುತ್ತಾ ಕೂರುವುದೂ ಇಲ್ಲ, ತಾನೇ ಕರೆಯುತ್ತದೆ. ಯಾವುದಾದರೂ ಅಂಗಕ್ಕೆ ಗಾಳಿ ಸಾಲದಾದಾಗ ಅಲ್ಲಿನ ಕೋಶಗಳು ಎಫ್‌ಜಿಎಫ್ ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಅದರ ಸುಳಿವು ಹಿಡಿದು ಗಾಳಿನಾಳದ ತುದಿ ಅತ್ತ ಬೆಳೆಯುತ್ತದೆ. ಬೆಳವಣಿಗೆಯ ಈ ಕರೆಯ ನಕಲೊಂದು ಎನ್‌ಪಿವಿಯ ಜೀನುಗಳಲ್ಲೇ ಇದೆ. ಅಮೆರಿಕದ ಕಾನ್ಸಸ್‌ನಲ್ಲಿ ಲೊರೇನಾ ಪಾಸರೆಲ್ಲಿ ಅವರ ತಂಡ ಈ ನಕಲನ್ನು ಬಗೆಬಗೆಯಾಗಿ ಪರೀಕ್ಷಿಸಿತು. ಜಪಾನಿನವರು 2006ರಲ್ಲಿ ನಮ್ಮ ರೇಷ್ಮೆ ಹುಳದ ವೈರಸ್ಸಿನಲ್ಲೇ ಆ ಜೀನನ್ನು ಕೆಡಿಸಿ ನೋಡಿದರು. ಅದಿಲ್ಲದ ವೈರಸ್ಸು ಹುಳವನ್ನು ಕೊಲ್ಲಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ದೇಹ ಬೆಳೆಯಲು ಬಳಸುವ ಮಾತನ್ನೇ ರೋಗ ಕಲಿತುಕೊಂಡಿದೆ. ಇದನ್ನು ಮೊದಲು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ, ಚಿಕ್ಕಬಳ್ಳಾಪುರಕ್ಕೆ ಬರುವ ಹೆದ್ದಾರಿಯ ಪಕ್ಕದಲ್ಲೇ, ಇನ್‌ಸ್ಟೆಮ್ ಎಂಬ ಆಕರಕೋಶ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಹಣ್ಣಿನ ನೊಣದ ಗಾಳಿನಾಳದ ಮೂಲಕೋಶಗಳ ಮೇಲೆ ಅಧ್ಯಯನ ನಡೆದಿದೆ. ಚಿಂತಾಮಣಿಯಲ್ಲಿ ಕೃಷಿ ವಿಶ್ವವಿದ್ಯಾನಿಲಯದ ರೇಷ್ಮೆ ಕೃಷಿ ಕಾಲೇಜಿದೆ. ಎರಡೂ ಒಂದೇ ದಿನದಲ್ಲಿ ಹೋಗಿಬರುವಷ್ಟು ಹತ್ತಿರ. ಒಂದು ಕಡೆಯ ಜ್ಞಾನ ಇನ್ನೊಂದು ಕಡೆಯ ಹುಳು ಮನೆಗೆ ಕನ್ನಡದಲ್ಲಿ ತಲುಪಬೇಕೆಂದು ನಾನು ಆಸೆಪಡುತ್ತೇನೆ.

ವೈರಸ್ಸು ಎಳಸಿನ ದಾರಿ ಹಿಡಿಯುತ್ತದೆ ಎಂದು ಆಕರಕೋಶವನ್ನು ಖಳನಾಯಕನ ಜಾಗದಲ್ಲಿ ನಿಲ್ಲಿಸುವುದು ಹಳೆಯ ತಪ್ಪನ್ನು ತಲೆಕೆಳಗು ಮಾಡಿದ ಹಾಗಾಗುತ್ತದೆ. ಅವು ಕಾಪಾಡುತ್ತವೆ, ಅದಕ್ಕೂ ಸಾಕ್ಷ್ಯ ಬೇಕಾದಷ್ಟಿದೆ. ಸೋಂಕಾದ ಕಂಬಕೋಶವನ್ನು ಕರುಳು ತನ್ನ ಪೊಳ್ಳಿಗೆ ಉದುರಿಸಿ ಹಿಕ್ಕೆಯ ಜೊತೆ ಹೊರಗೆ ಹಾಕುತ್ತದೆ, ಖಾಲಿ ಜಾಗವನ್ನು ಆಕರಕೋಶ ತುಂಬುತ್ತದೆ. ಹೀಗೆ ಉದುರಿಸಿಯೇ ರೋಗದಿಂದ ಪಾರಾಗುವ ಹುಳುಗಳಿವೆ. ಡೆಂಗೆ ಹರಡುವ ಈಡಿಸ್ ಸೊಳ್ಳೆಯ ಮೇಲೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಕರುಳಿನ ಕೋಶಗಳು ಚುರುಕಾಗಿ ಹೊಸದಾಗುವ ಸೊಳ್ಳೆಯಲ್ಲಿ ಡೆಂಗೆ ವೈರಸ್ಸು ನೆಲೆಯೂರುವುದು ಕಷ್ಟ ಎಂದು ತೋರಿಸಿತು. ಅದೇ ವರ್ಷ ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ರೈಸ್ ಅವರ ಪ್ರಯೋಗಾಲಯದಿಂದ ಮತ್ತೊಂದು ಮಾತು ಬಂತು: ಮನುಷ್ಯನ ಆಕರಕೋಶಗಳಲ್ಲಿ ವೈರಸ್ಸನ್ನು ತಡೆಯುವ ಹಲವು ಜೀನುಗಳು ಸೋಂಕು ಬರುವ ಮೊದಲೇ ಎಚ್ಚರವಾಗಿರುತ್ತವೆ. ಮನೆಗೆ ಆಧಾರವಾದ ಕಂಬಕ್ಕೆ ಮೊದಲೇ ಗೆದ್ದಲಿನ ಔಷಧಿ ಹೊಡೆದಿಟ್ಟ ಹಾಗೆ.

ಅಷ್ಟಾದರೂ ಕೆಲವು ವೈರಸ್ಸುಗಳು ಆ ಕಂಬವನ್ನೇ ಹಿಡಿಯುತ್ತವೆ. ಸೈಟೊಮೆಗಾಲೊ ವೈರಸ್ಸು ಮೂಳೆಮಜ್ಜೆಯ ರಕ್ತಮೂಲ ಕೋಶಗಳಲ್ಲಿ ಸದ್ದಿಲ್ಲದೆ ಮಲಗಿರುತ್ತದೆ, ಆ ಕೋಶದ ಮರಿಗಳು ರಕ್ತಕ್ಕೆ ಇಳಿದಾಗ ಜೊತೆಗೆ ಬರುತ್ತದೆ. ಮೂಳೆಮಜ್ಜೆ ಕಸಿಗೆ ಮೊದಲು ಕೊಡುವವರನ್ನೂ ಪಡೆಯುವವರನ್ನೂ ಈ ವೈರಸ್ಸಿಗಾಗಿ ಪರೀಕ್ಷಿಸುವುದು ಸುಮ್ಮನೆ ಅಲ್ಲ. ಬ್ರೆಜಿಲ್‌ನಲ್ಲಿ ಝೀಕಾ ಹರಡಿ ಶಿಶುಗಳ ತಲೆ ಸಣ್ಣದಾದಾಗ, ಭ್ರೂಣದ ಮಿದುಳನ್ನು ಕಟ್ಟುವ ಮೂಲಕೋಶಗಳೇ ಅದರ ಗುರಿ ಎಂದು 2016ರಲ್ಲಿ ಗೊತ್ತಾಯಿತು. ಇಷ್ಟೆಲ್ಲ ತಿಳಿದಿದ್ದೂ 'ಸ್ಟೆಮ್ ಸೆಲ್ ಹಾಕಿಸಿದರೆ ಎಲ್ಲ ವಾಸಿ' ಎಂಬ ಮಾತು ನಮ್ಮ ಪಟ್ಟಣಗಳವರೆಗೂ ಬಂದಿದೆ, ಜನ ಜಮೀನು ಮಾರಿ ದುಡ್ಡು ಕಟ್ಟುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ರಕ್ತದ ಕಾಯಿಲೆಗಳಿಗೆ ಮಾಡುವ ರಕ್ತಮೂಲ ಕೋಶಗಳ ಕಸಿಯೊಂದನ್ನೇ ಚಿಕಿತ್ಸೆ ಎಂದು ಒಪ್ಪಿತು. ಉಳಿದದ್ದನ್ನು ಪ್ರಯೋಗದ ಹಂತದಲ್ಲೇ ಇಟ್ಟಿತು.

ನಮ್ಮ ಹುಳಕ್ಕೆ ಮರಳುತ್ತೇನೆ. ರಕ್ಷಣೆಯೂ ದಾರಿಯೂ ಒಂದೇ ಜಾಗದಲ್ಲಿದ್ದರೆ, ಯಾವ ಹುಳು ಉಳಿಯುತ್ತದೆ, ಯಾವುದು ಹೋಗುತ್ತದೆ? ಇದು ಓಟದ ಪ್ರಶ್ನೆ. ಸೋಂಕಾದ ಕೋಶ ಉದುರುವುದು ಮೊದಲೋ, ವೈರಸ್ಸು ಅದನ್ನು ದಾಟಿ ಬುಡಕ್ಕೆ ಹೋಗುವುದು ಮೊದಲೋ. ವೈರಸ್ಸು ಈ ಓಟಕ್ಕೆ ಸಿದ್ಧವಾಗಿಯೇ ಬರುತ್ತದೆ. ವೋಲ್ಕ್‌ಮನ್ ಅವರ ತಂಡ ಬಳಸಿದ ಎನ್‌ಪಿವಿಯಲ್ಲಿ ಒಂದೇ ಚೀಲದಲ್ಲಿ ಹಲವು ವೈರಸ್ ತಿರುಳುಗಳಿರುತ್ತವೆ. ಕೋಶದೊಳಗೆ ಹೊಕ್ಕ ಮೇಲೆ ಒಂದು ತಿರುಳು ಕೋಶಕೇಂದ್ರಕ್ಕೆ ಹೋಗಿ ಸಂತಾನ ಬೆಳೆಸಲು ಕೂತರೆ, ಮಿಕ್ಕವು ಹಾಗೇ ಹಿಂಬಾಗಿಲಿನಿಂದ ಹೊರಡಬಲ್ಲವು. 1999ರಲ್ಲಿ ಅವರು ತೋರಿಸಿದ್ದು ಇದನ್ನೇ: ಹೀಗೆ ಜೊತೆಯಾಗಿ ಬಂದ ವೈರಸ್ಸು ದೇಹವನ್ನು ಹಿಡಿಯುವುದು ಬೇಗ. ಕರುಳು ಆಮೇಲೆ ಆ ಕೋಶವನ್ನು ಉದುರಿಸಿದರೂ ಹೊರಟವರು ಹೊರಟಾಗಿರುತ್ತದೆ. ಕರುಳು ವಾಸಿಯಾಗುತ್ತದೆ, ಹುಳು ಸಾಯುತ್ತದೆ.

ಇದೇ ಪ್ರಯೋಗಮಾಲೆಯಲ್ಲಿ ಕಂಡ ಇನ್ನೊಂದು ಸಂಗತಿ ನಮ್ಮ ರೈತರಿಗೆ ಎಲ್ಲಕ್ಕಿಂತ ಮುಖ್ಯ ಎಂದು ನನ್ನ ಎಣಿಕೆ. ಪೊರೆ ಕಳಚಿ ಆಗಷ್ಟೇ ಎದ್ದ ಹುಳಕ್ಕೆ ವೈರಸ್ಸು ತಿನ್ನಿಸಿದರೆ ಬಹುಪಾಲು ಸಾಯುತ್ತವೆ. ಅದೇ ಹಂತದಲ್ಲಿ ಒಂದು ದಿನ ಬೆಳೆದ ಹುಳಕ್ಕೆ ಅಷ್ಟೇ ವೈರಸ್ಸು ಕೊಟ್ಟರೆ ಎಷ್ಟೋ ಹೆಚ್ಚು ಉಳಿಯುತ್ತವೆ. ಬಾಯಿಗೆ ಕೊಡದೆ ಸೂಜಿಯಿಂದ ರಕ್ತಕ್ಕೆ ಚುಚ್ಚಿದರೆ ಈ ವ್ಯತ್ಯಾಸ ಉಳಿಯುವುದಿಲ್ಲ, ಎರಡೂ ಸಾಯುತ್ತವೆ. ಅಂದರೆ ಗೆಲುವು ಸೋಲು ನಿರ್ಧಾರವಾಗುವುದು ಕರುಳಿನ ಗೋಡೆಯಲ್ಲಿ, ಅದೂ ಪೊರೆ ಕಳಚಿದ ಮೇಲಿನ ಕೆಲವೇ ಗಂಟೆಗಳಲ್ಲಿ.

ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಿದೆ, ಜ್ವರ ಎದ್ದಿದೆ. ಬಲು ಒಳ್ಳೆಯ ಮಾತು. ಸುಮಾರು ಇಪ್ಪತ್ತೈದು ದಿನದಲ್ಲಿ ಹುಳದ ತೂಕ ಹತ್ತು ಸಾವಿರ ಪಟ್ಟು ಏರುವುದು ಈ ನಾಲ್ಕು ಜ್ವರಗಳನ್ನು ದಾಟಿಕೊಂಡೇ. ತಲೆ ಎತ್ತಿ ಅಲುಗದೆ ಕೂತ ಹುಳದ ಒಳಗೆ ಕರುಳಿನ ಗೋಡೆ ಹೊಸದಾಗುತ್ತಿರುತ್ತದೆ, ಆಕರಕೋಶಗಳು ತುಂಬಾ ಚುರುಕಾಗಿ ಒಡೆಯುತ್ತಿರುತ್ತವೆ. ಕಾಯಿಲೆಯಲ್ಲದ ಈ ಜ್ವರದಿಂದ ಏಳುವಾಗ ಹುಳು ಹಸಿದಿರುತ್ತದೆ, ಅದರ ಕರುಳು ಎಳಸಾಗಿರುತ್ತದೆ. ಆಗ ಬಾಯಿಗೆ ಬೀಳುವ ಮೊದಲ ಸೊಪ್ಪಿನ ಮೇಲೆ ಏನಿದೆ ಎಂಬುದರ ಮೇಲೆ ಬೆಳೆ ನಿಂತಿದೆ.

ಈಗ ನಮ್ಮ ಮನೆಯ ಆ ಬೆಳಗಿಗೆ ಲೆಕ್ಕ ಹಾಕಿ. ದೊಡ್ಡ ಹುಳದಲ್ಲಿ ಸೋಂಕಿನಿಂದ ಸಾವಿಗೆ ಐದರಿಂದ ಏಳು ದಿನ ಹಿಡಿಯುತ್ತದೆ. ಐದನೇ ಹಂತದ ಆರನೇ ದಿನ ಮೈ ಒಡೆದ ಹುಳು ವೈರಸ್ಸು ತಿಂದದ್ದು ನಾಲ್ಕನೇ ಜ್ವರದ ಆಸುಪಾಸಿನಲ್ಲಿ. ಅಪ್ಪ ನೆನಪಿಸಿಕೊಳ್ಳುತ್ತಿದ್ದ ಮೂರು ದಿನದ ಮಳೆ ಸೊಪ್ಪು ಬರುವ ಹೊತ್ತಿಗೆ ವೈರಸ್ಸು ಗಾಳಿನಾಳ ದಾಟಿ ಕೊಬ್ಬಿನ ಅಂಗಾಂಶದಲ್ಲಿ ಸಂಸಾರ ಹೂಡಿಯಾಗಿತ್ತು. ಒದ್ದೆ ಸೊಪ್ಪು, ಸೆಕೆ, ಗಾಳಿಯಾಡದ ಕೋಣೆ ಇವು ಹುಳವನ್ನು ಬಳಲಿಸಿ ಸಾವನ್ನು ಹೆಚ್ಚಿಸಬಹುದು, ಆದರೆ ಸೊಪ್ಪಿನ ನೀರಿನಿಂದ ವೈರಸ್ಸು ಹುಟ್ಟುವುದಿಲ್ಲ. ಮೊಟ್ಟೆಯನ್ನು ದೂರುವವರ ಮಾತೂ ಇಲ್ಲಿ ನಿಲ್ಲುವುದಿಲ್ಲ. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಲೂಯಿ ಪಾಶ್ಚರ್ ಕಟ್ಟಿಕೊಟ್ಟದ್ದು, ಅದು ಗಂಟುರೋಗ ಎಂಬ ಬೇರೆಯೇ ಕಾಯಿಲೆಗೆ. ಆ ಪರೀಕ್ಷೆ ಪಾಸಾದ ಮೊಟ್ಟೆಯಿಂದ ಬಂದ ಹುಳು ನಮ್ಮ ನೆಲದ ಮೇಲಿರುವ ಎನ್‌ಪಿವಿಯನ್ನು ತಿನ್ನದೆ ಇರುತ್ತದೆಯೇ?

ನನ್ನ ತಕರಾರು ರೈತರ ಮೇಲಿಲ್ಲ. ರೈತರಿಗೆ ಕೊಡುವ ಸೂಚನೆಗಳ ರೀತಿಯ ಮೇಲೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ ವಿಜೇತ ಎಂಬ ಸೋಂಕುನಿವಾರಕ ಪುಡಿಯನ್ನು ಪ್ರತಿ ಜ್ವರ ಎದ್ದ ಮೇಲೆ, ಮೊದಲ ಸೊಪ್ಪು ಹಾಕುವ ಅರ್ಧ ಗಂಟೆ ಮುಂಚೆ ಉದುರಿಸಬೇಕು, ಐದನೇ ಹಂತದ ನಾಲ್ಕನೇ ದಿನ ಮತ್ತೊಮ್ಮೆ ಉದುರಿಸಬೇಕು ಎಂದು ಕರಪತ್ರಗಳಲ್ಲಿ ಇದೆ. ಹುಳು ಮನೆಯನ್ನು ಶೇಕಡಾ 2ರ ಬ್ಲೀಚಿಂಗ್ ಪೌಡರ್ ಮತ್ತು 0.3ರ ಸುಣ್ಣದ ದ್ರಾವಣದಿಂದ ತೊಳೆಯಬೇಕೆಂದೂ ಇದೆ. ಅರ್ಧ ಗಂಟೆ ಮುಂಚೆಯೇ ಯಾಕೆ ಎಂದು ಮಾತ್ರ ನಾನು ಕಂಡ ಯಾವುದರಲ್ಲೂ ಬರೆದಿಲ್ಲ. ಕಾರಣ ಹೇಳದ ಗಡುವು ಕೆಲಸದ ಒತ್ತಡದಲ್ಲಿ ಮೊದಲು ಜಾರುತ್ತದೆ. ರಾತ್ರಿ ಜ್ವರ ಎದ್ದ ಹುಳಕ್ಕೆ 'ಪಾಪ, ಹಸಿದಿದೆ' ಎಂದು ಸೊಪ್ಪು ಹಾಕಿ, ಬೆಳಗ್ಗೆ ಬಿಡುವಾದಾಗ ಪುಡಿ ಉದುರಿಸಿದವರನ್ನು ನಾನು ಬಲ್ಲೆ. ನಾವೂ ಹಾಗೇ ಮಾಡುತ್ತಿದ್ದೆವು. ಪುಡಿ ಹಾಕಿದರೂ ರೋಗ ಬಂತು, ಪುಡಿಯಲ್ಲೇ ಸತ್ವವಿಲ್ಲ ಎಂದು ಆಮೇಲೆ ದೂರುತ್ತಿದ್ದೆವು. ದಾರಿ ತೆರೆದ ಹೊತ್ತಿನಲ್ಲಿ ಬಾಗಿಲು ಕಾಯಲಿಲ್ಲ ಎಂಬುದು ಹೊಳೆಯಲೇ ಇಲ್ಲ.

ಟಾನಿಕ್ಕಿನ ವಿಷಯದಲ್ಲೂ ನನ್ನ ಮಾತು ಇದೇ. ಹುಳಕ್ಕೆ ಶಕ್ತಿ ಬರುವುದಾದರೆ ಬರಲಿ. ಆದರೆ ವೇಗವಾಗಿ ಬೆಳೆಯುವ ಅಂಗಾಂಶವನ್ನೇ ಸವಾರಿ ಮಾಡುವ ವೈರಸ್ಸಿಗೆ ಬೆಳವಣಿಗೆಯೊಂದೇ ಮದ್ದಾಗಲಾರದು. ಓಟದಲ್ಲಿ ನಾವು ನಿಜವಾಗಿ ಹಿಡಿತ ಸಾಧಿಸಬಲ್ಲದ್ದು ಒಂದನ್ನೇ, ಹುಳದ ಬಾಯಿಗೆ ಬೀಳುವ ವೈರಸ್ಸಿನ ಪ್ರಮಾಣವನ್ನು. ಹತ್ತು ಪೊಟ್ಟಣ ಬಿದ್ದರೆ ಕರುಳು ಉದುರಿಸಿ ಗೆಲ್ಲಬಹುದು, ಹತ್ತು ಸಾವಿರ ಬಿದ್ದರೆ ಎಷ್ಟೇ ಗಟ್ಟಿ ಹುಳವೂ ಉಳಿಯುವುದಿಲ್ಲ. ಅಂಚಿಗೆ ಬಂದು ಅಡ್ಡಾಡುವ ಹುಳವನ್ನು ಒಡೆಯುವ ಮೊದಲೇ ಆರಿಸಿ ಸುಣ್ಣದ ಇಲ್ಲವೇ ಬ್ಲೀಚಿಂಗ್ ನೀರಿನ ಡಬ್ಬಕ್ಕೆ ಹಾಕಬೇಕು ಎನ್ನುವುದು ಇದೇ ಕಾರಣಕ್ಕೆ. ಆ ಅಡ್ಡಾಟವೂ ಹುಳದ ಇಚ್ಛೆಯಲ್ಲ. ವೈರಸ್ಸಿನ ಒಂದು ಜೀನು ಹಾಗೆ ಓಡಾಡಿಸುತ್ತದೆ ಎಂದು 2005ರಲ್ಲಿ ರೇಷ್ಮೆ ಹುಳದಲ್ಲೇ ತೋರಿಸಲಾಯಿತು. ಹುಳು ಅಲೆದು ಒಡೆದಷ್ಟೂ ವೈರಸ್ಸಿಗೆ ಹೊಸ ಸೊಪ್ಪು. ಹೀಗೆ ಸತ್ತ ಹುಳುಗಳನ್ನು ತಿಪ್ಪೆಗೆ ಎಸೆದು, ಅದೇ ಗೊಬ್ಬರವನ್ನು ತೋಟಕ್ಕೆ ಹಾಕಿ, ಅದೇ ತೋಟದ ಸೊಪ್ಪನ್ನು ಮುಂದಿನ ಬೆಳೆಗೆ ತರುವ ಮನೆಗಳಲ್ಲಿ ಮೂರು ಬೆಳೆ ಸಾಲಾಗಿ ಹೋದದ್ದನ್ನು ನೋಡಿದ್ದೇನೆ. ಅವರು ದೇವರಿಗೆ ಹರಕೆ ಹೊತ್ತರು, ವಾಸ್ತು ನೋಡಿಸಿ ಹುಳು ಮನೆಯ ಬಾಗಿಲು ಬದಲಾಯಿಸಿದರು.

ಚಿಂತಾಮಣಿ ಕಡೆಯ ಟೊಮೆಟೊ ಬೆಳೆಗಾರರಿಗೆ ಈ ವೈರಸ್ಸಿನ ಇನ್ನೊಬ್ಬ ನೆಂಟನ ಪರಿಚಯವಿದೆ. ಕಾಯಿಕೊರಕ ಹುಳುವಿಗೆ ಎನ್‌ಪಿವಿ ದ್ರಾವಣ ಸಿಂಪಡಿಸುವಾಗ ಅವರು ಅನುಭವದಿಂದ ಒಂದು ಮಾತು ಹೇಳುತ್ತಾರೆ: ಮರಿ ಹುಳು ಇದ್ದಾಗ ಹೊಡೆದರೆ ಕೆಲಸ ಮಾಡುತ್ತದೆ, ಬಲಿತ ಮೇಲೆ ಹೊಡೆದರೆ ದುಡ್ಡು ದಂಡ. ಹುಳವನ್ನು ಕೊಲ್ಲಬೇಕಾದ ತೋಟದಲ್ಲಿ ಎಳಸಿನ ಹೊತ್ತನ್ನು ಇಷ್ಟು ಸರಿಯಾಗಿ ಲೆಕ್ಕ ಹಾಕುವ ಕೈಗಳೇ, ಬದುವಿನ ಆಚೆ ಹುಳವನ್ನು ಉಳಿಸಬೇಕಾದ ಮನೆಯಲ್ಲಿ ನಾಲ್ಕನೇ ಜ್ವರ ಏಳುವ ರಾತ್ರಿ ಸೊಪ್ಪಿನ ಹೊರೆ ಬಿಚ್ಚುತ್ತಿರುತ್ತವೆ. ಪುಡಿಯ ಪೊಟ್ಟಣ ಗೋಡೆಯ ಗೂಡಿನಲ್ಲಿದೆ. ಅರ್ಧ ಗಂಟೆ.